ನ್ಯೂಟನ್‌ಗೆ ಬಿಡುಗಡೆಯಾದದ್ದು ಯಾವಾಗ?

ಮೊಮ್ಮಗಳು: ಅಜ್ಜ, ಚರ್ಚಿನಲ್ಲಿ ಸಾಕ್ಷಿ ಹೇಳುವವರೆಲ್ಲ ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್‌ನ ಕಥೆ ತೆಗೆಯುತ್ತಾರೆ. 1748ರಲ್ಲಿ ಬಿರುಗಾಳಿಗೆ ಹಡಗು ಸಿಕ್ಕಿತು, ದೇವರಿಗೆ ಮೊರೆಯಿಟ್ಟ, ಪಾಪದಿಂದ ಬಿಡುಗಡೆಯಾದ. ಆಮೇಲಿನದನ್ನು ಯಾರೂ ಹೇಳುವುದಿಲ್ಲ. 1750ರಿಂದ 1754ರವರೆಗೆ ಅವನೇ ಗುಲಾಮರ ಹಡಗಿನ ಕಪ್ತಾನ!

ಅಜ್ಜ: ಹೌದಮ್ಮ. ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಡಗಿನ ಒಡಲಲ್ಲಿ ಆಫ್ರಿಕಾದ ಜನ ಇಬ್ಬಿಬ್ಬರಾಗಿ ಸಂಕೋಲೆಯಲ್ಲಿ ಬಿದ್ದಿರುತ್ತಿದ್ದರು.

ಮೊಮ್ಮಗಳು: ಹಾಗಾದರೆ ಅದೆಂಥ ಬಿಡುಗಡೆ?

ಅಜ್ಜ: ದೇವದೂಷಣೆ, ಹೊಲಸು ಮಾತು ಬಿಟ್ಟಿದ್ದ. ಆದರೆ ಗುಲಾಮರ ವ್ಯಾಪಾರ ಅಂದಿನ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರ ಕಸುಬು. ಊರೆಲ್ಲ ಮಾಡುವ ಪಾಪ ಕಣ್ಣಿಗೆ ಬೀಳುವುದು ಕಷ್ಟ. ಬಿರುಗಾಳಿಯ ಹೊತ್ತಿಗೆ ತಾನು ಪೂರ್ತಿ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ ಎಂದು 1764ರ ಆತ್ಮಕಥನದಲ್ಲಿ ಅವನೇ ಬರೆದಿದ್ದಾನೆ.

ಮೊಮ್ಮಗಳು: ಕಡಲು ಬಿಟ್ಟದ್ದೂ ಕಾಯಿಲೆ ಬಿದ್ದದ್ದಕ್ಕೇ ಹೊರತು ಮನಸ್ಸು ಮರುಗಿ ಅಲ್ಲ.

ಅಜ್ಜ: ನಿಜ. ಪಾದ್ರಿಯಾದ ಮೇಲೂ ಬಹಳ ವರ್ಷ ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಕೊನೆಗೆ 1788ರಲ್ಲಿ ಅದರ ಬಗ್ಗೆ ಕಿರುಹೊತ್ತಿಗೆ ಬರೆದ. ಕಪಾಟಿನಲ್ಲಿ ಪುಸ್ತಕ ಒತ್ತಿಟ್ಟ ಹಾಗೆ ಮನುಷ್ಯರನ್ನು ಮಲಗಿಸುತ್ತಿದ್ದರೆಂದು ಅದರಲ್ಲಿ ಹೇಳಿದ.

ಮೊಮ್ಮಗಳು: ನಲವತ್ತು ವರ್ಷ! ಅಷ್ಟರಲ್ಲಿ ಎಷ್ಟು ಜನ ಸತ್ತರೋ. ಕೃಪೆ ಇಷ್ಟು ನಿಧಾನವೇ?

ಅಜ್ಜ: ಅದಕ್ಕೆ ನಾನು ಸಮಾಧಾನ ಹೇಳಲಾರೆ, ಹೇಳಲೂಬಾರದು. ಸತ್ತವರಿಗೆ ಅವನ ಪಶ್ಚಾತ್ತಾಪದಿಂದ ಏನೂ ಸಿಗಲಿಲ್ಲ. ಆದರೆ ಕೃಪೆ ತಡಮಾಡಿತು ಅನ್ನಿಸುವುದಿಲ್ಲ ನನಗೆ. ನಾವು ಕ್ಷಮೆ ಇಸಿದುಕೊಂಡು ಅಲ್ಲೇ ಕೂತುಬಿಡುತ್ತೇವೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಓದು. ಅಲ್ಲಿ ಬಿಡುಗಡೆಯೆಂದರೆ ಯಜಮಾನ ಬದಲಾಗುವುದು. ಹಳಬನ ಅಧಿಕಾರ ಒಂದೇ ಸಲಕ್ಕೆ ಮುಗಿಯಿತು; ಕೈ, ಕಾಲು, ನಾಲಿಗೆಯನ್ನು ಹೊಸಬನಿಗೆ ಒಪ್ಪಿಸುವುದು ದಿನದಿನದ ಕೆಲಸ.

ಮೊಮ್ಮಗಳು: ಆ ಕೆಲಸ ನಡೆದಿದೆಯೆಂದು ಗೊತ್ತಾಗುವುದು ಹೇಗೆ? ಕಣ್ಣೀರು ಯಾರಿಗಾದರೂ ಬರುತ್ತದೆ.

ಅಜ್ಜ: ಸುಂಕ ವಸೂಲಿಯ ಜಕ್ಕಾಯ ಅತ್ತನೆಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆದಿಲ್ಲ. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಮೋಸಹೋದವರು ಅವನ ಮಾತಿನೊಳಗೆ ಬಂದರು. ನ್ಯೂಟನ್ ಕೂಡ ಮುಪ್ಪಿನಲ್ಲಿ ಸಂಸತ್ತಿನ ಸಮಿತಿಯೆದುರು ನಿಂತು ಆ ವ್ಯಾಪಾರದ ಬಗ್ಗೆ ಸಾಕ್ಷಿ ನುಡಿದ.

ಮೊಮ್ಮಗಳು: ನಮ್ಮ ಸಾಕ್ಷಿಗಳಲ್ಲಿ ನೊಂದವರ ಸುದ್ದಿಯೇ ಇರುವುದಿಲ್ಲ. ‘ಹಾಗಿದ್ದೆ, ಹೀಗಾದೆ’ ಅಂತ ಗಂಡ ಮುಂದೆ ನಿಂತು ಹೇಳುತ್ತಾನೆ. ಅವನು ಕುಡಿದು ಬಂದಾಗೆಲ್ಲ ಹೊಡೆತ ತಿಂದ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ.

ಅಜ್ಜ: ಅವನು ಬದಲಾದನೇ ಎಂದು ಮೊದಲು ಅವಳನ್ನು ಕೇಳಬೇಕು.

ಮೊಮ್ಮಗಳು: ಅವಳು ಇನ್ನೂ ಇಲ್ಲ ಎಂದರೆ?

ಅಜ್ಜ: ಅವನಿಗೆ ಕ್ಷಮೆಯಿಲ್ಲ ಅಂತಲ್ಲ. ಸಾಕ್ಷಿ ನಿಲ್ಲಿಸಿ ಮನೆಗೆ ಹೋಗಲಿ, ಅಲ್ಲಿ ಕೆಲಸ ಬಾಕಿಯಿದೆ.