ಎರಡು ರಾತ್ರಿಯ ನೆರೆಹೊರೆ

ನಮ್ಮ ಕಡೆ ಹೋಟೆಲು ಎಂದರೆ ಚಹಾ, ಗಿರಮಿಟ್ಟು, ಮಿರ್ಚಿ ಭಜಿ ಸಿಗುವ ಸ್ಥಳ. ಮಲಗುವ ಸ್ಥಳಕ್ಕೆ ಲಾಡ್ಜು ಎಂಬ ಬೇರೆಯೇ ಹೆಸರುಂಟು. ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಹಿರಿಯರಿಗೆ ಈ ಎರಡನೆಯದರ ಅವಶ್ಯಕತೆ ಬಿದ್ದದ್ದು ತೀರ ಕಡಿಮೆ. ಹುಬ್ಬಳ್ಳಿಗೆ ಹೋದರೆ ಬೀಗರ ಮನೆಯಿತ್ತು, ಅಕ್ಕನ ಮನೆಯಿತ್ತು. ಅದೂ ಇಲ್ಲವಾದರೆ ಸಿದ್ಧಾರೂಢರ ಮಠದ ದಾಸೋಹವಿತ್ತು. ಬುತ್ತಿ ಕಟ್ಟಿಕೊಂಡು ಹೋದವರು ಬುತ್ತಿ ಮುಗಿಯುವ ಮೊದಲೇ ಊರಿಗೆ ಮರಳುತ್ತಿದ್ದರು. ಈಗ ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಅಥವಾ ಸೋಮವಾರ ಬೆಳಿಗ್ಗೆ ಮರಳುವ ಪ್ರವಾಸಗಳು ನಮ್ಮ ಕುಟುಂಬಗಳಲ್ಲಿಯೂ ರೂಢಿಗೆ ಬಂದಿವೆ. ಕೊಠಡಿಯ ಚಿತ್ರ ಮೊಬೈಲಿನಲ್ಲಿಯೇ ಕಾಣುತ್ತದೆ, ಬಾಡಿಗೆಯನ್ನು ಹೋಲಿಸಿ ನೋಡಬಹುದು, ತಂಗಿದವರು ಕೊಟ್ಟ ಅಂಕಗಳನ್ನು ಓದಬಹುದು. ಎಲ್ಲವನ್ನೂ ನೋಡಿದ ಮೇಲೆಯೂ ಮನೆಯ ಹಿರಿಯರೊಬ್ಬರು ಕೊನೆಗೆ ಒಂದು ಮಾತು ಕೇಳುತ್ತಾರೆ: “ಏರಿಯಾ ಹೆಂಗ ಐತಿ?”

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಮೊದಲನೆಯದು ಸರಳವಾದುದು ಮತ್ತು ನ್ಯಾಯವಾದುದು. ರಾತ್ರಿ ಬಸ್ಸಿಳಿದು ನಡೆಯುವ ದಾರಿಯಲ್ಲಿ ದೀಪವಿದೆಯೇ, ಹೆಣ್ಣುಮಕ್ಕಳು ಹೆದರಿಕೆಯಿಲ್ಲದೆ ಓಡಾಡಬಹುದೇ, ಕೆಳಗೆ ಬಾರು ಇದೆಯೇ, ನೀರು ಚೊಕ್ಕಟವಾಗಿದೆಯೇ ಎಂದು ತಂದೆತಾಯಿಗಳು ವಿಚಾರಿಸದಿದ್ದರೆ ಅದು ಉದಾರತೆಯಲ್ಲ, ಅಲಕ್ಷ್ಯ. ಎರಡನೆಯ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳುವುದಿಲ್ಲ. ಆ ಓಣಿಯಲ್ಲಿ ಯಾವ ಜನ ಇರುತ್ತಾರೆ ಎಂಬುದೇ ಅದು. ವಸತಿಯನ್ನು ಆರಿಸುವಾಗ ನಾವು ಹಾಸಿಗೆ, ಹೊದಿಕೆಗಳ ಜೊತೆಗೆ ಎರಡು ರಾತ್ರಿಗಳ ಮಟ್ಟಿಗೆ ನೆರೆಹೊರೆಯವರನ್ನೂ ಆರಿಸುತ್ತೇವೆ. ನೆರೆಯವನನ್ನು ಪ್ರೀತಿಸೆಂಬ ಆಜ್ಞೆಯನ್ನು ಪಡೆದವರಿಗೆ, ಆ ನೆರೆಯವನು ಯಾರಾಗಿರಬೇಕೆಂದು ಮೊದಲೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇದೆ?

ಅದಕ್ಕೂ ಮುಂಚೆ ಒಂದು ಮಾತು. ಬೀಗರ ಮನೆಯಿರುವಾಗ ಲಾಡ್ಜು ಏಕೆ, ಆತಿಥ್ಯದ ಕಾಲವೇ ಮುಗಿಯಿತು ಎಂದು ಹಳಹಳಿಸುವವರ ಜೊತೆ ನಾನು ಸೇರಲಾರೆ. ಆ ಆತಿಥ್ಯದ ಭಾರವನ್ನು ಹೊತ್ತವರು ಯಾರೆಂಬುದನ್ನು ನೆನೆಯಬೇಕು. ಎರಡು ಕೋಣೆಯ ಮನೆಗೆ ಆರು ಜನ ಬಂದಿಳಿದರೆ ರೊಟ್ಟಿ ಬಡಿಯುವವಳು ಅಕ್ಕ, ಹಾಸಿಗೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗುವವಳೂ ಅಕ್ಕ. ಮಾರ್ತಾಳ ಗೊಣಗಾಟವನ್ನು ನಾವು ಪ್ರಬೋಧನೆಗಳಲ್ಲಿ ಸ್ವಲ್ಪ ಹಗುರವಾಗಿಯೇ ಕಂಡಿದ್ದೇವೆ. ಬಾಡಿಗೆ ಕೊಟ್ಟು ತಂಗಿ, ಒಂದು ಹೊತ್ತಿನ ಊಟಕ್ಕೆ ಮಾತ್ರ ಅಕ್ಕನ ಮನೆಗೆ ಹೋಗಿ, ನೆಮ್ಮದಿಯಿಂದ ಕುಳಿತು ಅವಳೊಂದಿಗೆ ಮಾತನಾಡಿ ಬರುವುದು ಪ್ರೀತಿಯ ಕೊರತೆಯೇನೂ ಅಲ್ಲ.

ಸಂತ ಲೂಕನು ತಂಗುವ ಸ್ಥಳಕ್ಕೆ ಎರಡು ಬೇರೆ ಬೇರೆ ಗ್ರೀಕ್ ಪದಗಳನ್ನು ಬಳಸುತ್ತಾನೆ. ಬೆತ್ಲೆಹೇಮಿನಲ್ಲಿ ಮರಿಯಮ್ಮನವರಿಗೂ ಜೋಸೆಫರಿಗೂ ಸ್ಥಳ ದೊರಕದೆ ಹೋದದ್ದು ‘ಕತಾಲುಮ’ದಲ್ಲಿ. ಯೇಸುಸ್ವಾಮಿ ಶಿಷ್ಯರೊಂದಿಗೆ ಕಡೆಯ ಭೋಜನ ಮಾಡಿದ ಕೊಠಡಿಗೂ ಲೂಕನು ಇದೇ ಪದವನ್ನು ಬಳಸಿರುವುದರಿಂದ, ಬೆತ್ಲೆಹೇಮಿನದು ಬಾಡಿಗೆಯ ಛತ್ರವಾಗಿರದೆ ಯಾರದೋ ಮನೆಯ ಅತಿಥಿಕೋಣೆಯಾಗಿತ್ತೆಂದು ಹಲವು ಪಂಡಿತರು ಭಾವಿಸುತ್ತಾರೆ. ಹಾಗಿದ್ದರೆ ಅಂದು ಸ್ಥಳ ಸಾಲದೆ ಹೋದದ್ದು ಬಹುಶಃ ಬಂಧುಗಳ ಮನೆಯಲ್ಲಿಯೇ. ಇನ್ನೊಂದು ಪದ ‘ಪಾಂದೊಖೆಯೋನ್’. ಸಮಾರಿಯದವನು ಗಾಯಗೊಂಡ ಪ್ರಯಾಣಿಕನನ್ನು ಕರೆದೊಯ್ದದ್ದು ಅಲ್ಲಿಗೆ. ಆ ಪದದ ಮೂಲಾರ್ಥ ಎಲ್ಲರನ್ನೂ ಬರಮಾಡಿಕೊಳ್ಳುವ ಸ್ಥಳ ಎಂದು. ಹಣ ಪಡೆದು ವಸತಿ ಕೊಡುವ ಮನೆಯೂ ಧರ್ಮದ ಮನೆಯಾಗಬಲ್ಲದು. ಅದಕ್ಕಿರುವ ಕಟ್ಟಳೆ ಆ ಹೆಸರಿನಲ್ಲಿಯೇ ಇದೆ.

ಏರಿಯಾ ನೋಡಿ ವಾಸಸ್ಥಳವನ್ನು ಆರಿಸಿದವರ ಕಥೆ ಆದಿಕಾಂಡದಲ್ಲಿಯೇ ಸಿಗುತ್ತದೆ. ಅಬ್ರಹಾಮನು ಆಯ್ಕೆಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟಾಗ ಲೋಟನು ಕಣ್ಣೆತ್ತಿ ನೋಡಿ, ಎಲ್ಲೆಡೆ ನೀರಾವರಿಯಿದ್ದ ಜೋರ್ಡನ್ ಬಯಲನ್ನು ಆರಿಸಿಕೊಂಡನು. ಮಲಪ್ರಭೆಯ ಕಾಲುವೆಗಾಗಿ, ಮಹದಾಯಿಯ ನೀರಿಗಾಗಿ ಹೋರಾಡಿದ ನರಗುಂದದ ನೆಲದವರು ಲೋಟನನ್ನು ಬೇಗನೆ ದೂಷಿಸಲಾರರು. ನೀರಿದ್ದಲ್ಲಿ ನೆಲೆಸಬೇಕೆನ್ನುವುದು ಪಾಪವಲ್ಲ. ಅವನು ನೋಡಿದ್ದು ನೆಲವನ್ನು ಮಾತ್ರ. ಅಬ್ರಹಾಮನಾದರೋ ಮಮ್ರೆಯ ಮರಗಳ ಕೆಳಗೆ ಗುಡಾರ ಹಾಕಿಕೊಂಡು, ಬಿಸಿಲು ಹೊತ್ತಿನಲ್ಲಿ ಗುರುತಿಲ್ಲದ ಮೂವರು ಬಂದಾಗ ಎದ್ದು ಓಡಿಹೋಗಿ ಬರಮಾಡಿಕೊಂಡನು.

ನಮ್ಮ ಕಾಲಕ್ಕೆ ಬರೋಣ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆಯ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳ ಸಾರ್ವಜನಿಕ ದರ್ಶನ ಏರ್ಪಟ್ಟಿತ್ತು. ಇದು ಹತ್ತು ವರ್ಷಕ್ಕೊಮ್ಮೆ ಬರುವ ಅವಕಾಶ. ಗದಗ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ವಾಸ್ಕೋಗೆ ರೈಲು ಹೋಗುವುದರಿಂದ ನಮ್ಮ ಭಾಗದವರಿಗೆ ಗೋವಾ ದೂರದ ಊರಲ್ಲ. ಭಕ್ತಿಯ ಜೊತೆಗೆ ಕಡಲನ್ನೂ ನೋಡಿ ಬರುವ ಆಸೆಯಿರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲಿ ಉಳಿಯಬೇಕು, ಎಲ್ಲಿ ಉಳಿಯಬಾರದು ಎಂದು ಅಲ್ಲಿಯವರನ್ನು ಕೇಳಿದರೆ ಕೆಲವೊಮ್ಮೆ ಒಂದು ಪದ ಕಿವಿಗೆ ಬೀಳುತ್ತದೆ: ‘ಘಾಂಟಿ’. ಘಟ್ಟದ ಮೇಲಿನಿಂದ ಕೂಲಿಗೆ ಬಂದವರನ್ನು ಹೀನಾಯವಾಗಿ ಕರೆಯುವ ಹೆಸರದು. ಬರ ಬಿದ್ದ ವರ್ಷ ರೋಣ, ಗಜೇಂದ್ರಗಡದ ಹಳ್ಳಿಗಳಿಂದ, ತಾಂಡಾಗಳಿಂದ ಕಟ್ಟಡ ಕೆಲಸಕ್ಕೆ ಹೋದವರು ಎಲ್ಲಿ ವಾಸಿಸುತ್ತಾರೋ ಅದೇ ಬೇಡವಾದ ಏರಿಯಾ. ಅವರಿಗೆ ಓಣಿಯನ್ನು ಆರಿಸುವ ಅವಕಾಶವೇ ಇರಲಿಲ್ಲ. 2004ರಲ್ಲಿ ವಾಸ್ಕೋ ಬಳಿಯ ಬೈನಾ ಕಡಲತೀರದಲ್ಲಿ ಸರ್ಕಾರ ಮನೆಗಳನ್ನು ಕೆಡವಿದಾಗ ಬೀದಿಪಾಲಾದವರಲ್ಲಿ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದರು. ನಾವು ದೂರವಿಡಬೇಕೆಂದು ಯಾರೋ ಸೂಚಿಸಿದ ಓಣಿಯಲ್ಲಿ ನಮ್ಮೂರಿನವರೇ ಇದ್ದಾರೆಂದು ತಿಳಿದ ಕ್ಷಣದಲ್ಲಿ ‘ಒಳ್ಳೆಯ ಏರಿಯಾ’ ಎಂಬ ಮಾತಿನ ಬಣ್ಣ ಬದಲಾಗುತ್ತದೆ. ಹಾಗಾದರೆ ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ನಾವು ಬೇಡವೆನ್ನುವ ಓಣಿಗಳೂ ಇನ್ನಾರದೋ ಊರಿನವರ ಓಣಿಗಳೇ.

ಎಣಿಕೆಯ ಇನ್ನೊಂದು ಬದಿಯಲ್ಲಿ ನಿಂತವನಿಗೆ ಇದು ಹೇಗೆ ಕಾಣುತ್ತದೆಂಬುದನ್ನು ಡಾ. ಅಂಬೇಡ್ಕರರು ಬರೆದಿಟ್ಟಿದ್ದಾರೆ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದ ಅವರಿಗೆ ಆ ನಗರದಲ್ಲಿ ಕೊಠಡಿ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ತಂಗಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಅವರನ್ನು ಹೊರಹಾಕಿದರು. ಆಗ ಅವರು ಇಬ್ಬರು ಗೆಳೆಯರ ಬಳಿ ಆಶ್ರಯ ಕೇಳಿದರು. ಒಬ್ಬರು ಹಿಂದೂ, ಇನ್ನೊಬ್ಬರು ಭಾರತೀಯ ಕ್ರೈಸ್ತರು. ಕ್ರೈಸ್ತ ಗೆಳೆಯರು ಹೆಂಡತಿಯನ್ನು ಕೇಳಿ ಹೇಳುತ್ತೇನೆಂದರು. ಅದು ನಯವಾದ ನಿರಾಕರಣೆಯಾಗಿತ್ತು. ಅಂಬೇಡ್ಕರರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದು, ರಾತ್ರಿಯ ರೈಲು ಹಿಡಿದು ಮುಂಬಯಿಗೆ ಮರಳಿದರು. ಈ ಪ್ರಸಂಗವನ್ನು ಹೇಳುವಾಗ ದೊಣ್ಣೆ ಹಿಡಿದವರನ್ನು ನೆನೆಯುವುದು ಸುಲಭ. ದೊಣ್ಣೆಯಿಲ್ಲದೆ, ಒರಟು ಮಾತಿಲ್ಲದೆ ಬಾಗಿಲು ಮುಚ್ಚಿದ ಆ ಸಜ್ಜನರು ನಮ್ಮಂತೆಯೇ ಕ್ರೈಸ್ತರು ಎಂಬುದನ್ನು ನಾವು ಬಿಟ್ಟುಬಿಡುತ್ತೇವೆ.

ಹಾಗೆಂದು ಅಪಾಯದ ಓಣಿಯಲ್ಲಿಯೇ ಮಕ್ಕಳನ್ನು ಕರೆದುಕೊಂಡು ತಂಗಬೇಕೆಂದು ಯಾರೂ ಹೇಳುವುದಿಲ್ಲ. ಎಚ್ಚರಿಕೆಗೂ ತಿರಸ್ಕಾರಕ್ಕೂ ಇರುವ ಗೆರೆಯನ್ನು ಕಂಡುಕೊಳ್ಳಲು ನನಗೆ ತೋರುವ ಉಪಾಯ ಒಂದೇ. ನಾವು ಆ ಓಣಿಯನ್ನು ಬಿಟ್ಟ ಕಾರಣವನ್ನು ಅದೇ ಓಣಿಯ ಒಬ್ಬ ಅಜ್ಜಿಯ ಎದುರು ನಿಂತು ಹೇಳಬಹುದೇ? “ಅಜ್ಜಿ, ಇಲ್ಲಿ ರಾತ್ರಿ ದೀಪ ಇಲ್ಲ, ಕುಡುಕರ ಕಾಟ ಐತಿ” ಎಂದರೆ ಆಕೆ ತಲೆಯಾಡಿಸಿಯಾಳು; ಅದು ಅವಳದೂ ಸಂಕಟ. ನಿಮ್ಮಂಥವರು ಇರುವ ಕಡೆ ನಮಗೆ ಬೇಡ ಎಂದು ಹೇಳಲು ನಾಲಿಗೆ ಏಳದಿದ್ದರೆ, ಆ ಕಾರಣ ಮನಸ್ಸಿನಲ್ಲಿಯೂ ಇರತಕ್ಕದ್ದಲ್ಲ. ಯೇಸುಸ್ವಾಮಿ ಜೆರಿಕೊ ಪಟ್ಟಣದಲ್ಲಿ ತಂಗಲು ಆರಿಸಿದ್ದು ಸುಂಕದ ಜಕ್ಕಾಯನ ಮನೆಯನ್ನು, ಊರೆಲ್ಲ ಗೊಣಗಿತು. ಅವರು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗಲೂ ಸಿಕ್ಕ ಮನೆಯಲ್ಲಿಯೇ ಉಳಿಯಿರಿ, ಮನೆಯಿಂದ ಮನೆಗೆ ಹೋಗಬೇಡಿ ಎಂದು ವಿಧಿಸಿದರು. ಇದಕ್ಕಿಂತ ಒಳ್ಳೆಯ ಕೊಠಡಿ ಇನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತೇನೋ ಎಂದು ತಂಗಿದ ಮೇಲೂ ಮೊಬೈಲು ತಿಕ್ಕುವವರಿಗೆ ಈ ಮಾತು ಬೇರೆ ರೀತಿಯಲ್ಲಿಯೂ ಉಪಯುಕ್ತ.

ಇನ್ನು ಹುಬ್ಬಳ್ಳಿಯ ವಿಷಯ. ನರಗುಂದದವರು ನವಲಗುಂದದ ಮೇಲೆ, ರೋಣ, ಗಜೇಂದ್ರಗಡದವರು ಗದಗಿನ ಮೇಲೆ ಹಾಯ್ದು ಅಲ್ಲಿಗೆ ಬರುತ್ತಾರೆ. ಅಂಗಡಿ ಬೀದಿಗೆ ಹತ್ತಿರ ಬೇಕೆಂದರೆ ದುರ್ಗದಬೈಲಿನ ಸುತ್ತಮುತ್ತ, ಚರ್ಚು ಹತ್ತಿರವಿರಬೇಕೆಂದರೆ ಕೇಶ್ವಾಪುರ, ವಿಮಾನ ನಿಲ್ದಾಣಕ್ಕೆ ಗೋಕುಲ ರಸ್ತೆ. ವಿದ್ಯಾನಗರವನ್ನು ಬಹಳ ಜನ ಮೆಚ್ಚುತ್ತಾರೆ. ಅಗಲವಾದ ರಸ್ತೆಯುಂಟು, ಉಣಕಲ್ ಕೆರೆ ದೂರವಿಲ್ಲ, 2018ರಿಂದ ಚಿಗರಿ ಬಸ್ಸುಗಳು ಓಡಲಾರಂಭಿಸಿದ ಮೇಲೆ ಧಾರವಾಡಕ್ಕೆ ಹೋಗಿಬರುವುದೂ ಸಲೀಸು. ಅದೇ ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರ್ಕಾರಿ ದೊಡ್ಡಾಸ್ಪತ್ರೆಯಿದೆ. ನಮ್ಮ ಮೂರೂ ತಾಲೂಕುಗಳಿಂದ ಕಠಿಣ ಕಾಯಿಲೆಯವರನ್ನು, ಅಪಘಾತವಾದವರನ್ನು ಅಲ್ಲಿಗೆ ಒಯ್ಯುತ್ತಾರೆ. ರೋಗಿಗೆ ಮಂಚ ಸಿಗುತ್ತದೆ. ಜೊತೆಗೆ ಬಂದವರಿಗೆ ಪಡಸಾಲೆಯೋ ಮರದ ಬುಡವೋ. ಅವರು ಅಲ್ಲಿಗೆ ಬಂದದ್ದು ನಾವು ಬಂದ ಬಸ್ಸಿನಲ್ಲಿಯೇ.

ಹೋಟೆಲು, ಹಾಸ್ಪಿಟಲು ಎಂಬ ಎರಡು ಪದಗಳೂ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದವು; ಅತಿಥಿ ಎಂಬುದು ಆ ಬೇರಿನ ಅರ್ಥ. ನಾಲ್ಕನೆಯ ಶತಮಾನದಲ್ಲಿ ಸೆಸರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬೆಸಿಲರು ಪಟ್ಟಣದ ಹೊರಗೆ ಕಟ್ಟಿಸಿದ ಧರ್ಮಾಲಯದಲ್ಲಿ ಪ್ರಯಾಣಿಕರೂ ರೋಗಿಗಳೂ ಬಡವರೂ ಒಂದೇ ಕಡೆ ಆಶ್ರಯ ಪಡೆಯುತ್ತಿದ್ದರು. ಆಮೇಲೆ ಈ ಎರಡು ಮನೆಗಳು ಬೇರೆಯಾದವು. ಸುಖಕ್ಕೆ ಬಂದವರು ಒಂದು ಬಾಗಿಲಿನಿಂದ, ಸಂಕಟಕ್ಕೆ ಬಂದವರು ಇನ್ನೊಂದು ಬಾಗಿಲಿನಿಂದ ಒಳಹೋಗುವಂತಾಯಿತು. ವಿದ್ಯಾನಗರದಲ್ಲಿ ಅವೆರಡೂ ಮತ್ತೆ ಒಂದೇ ಏರಿಯಾಕ್ಕೆ ಬಂದು ಸೇರಿವೆ.

ಸಮಾರಿಯದವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನು, ಅಂದರೆ ಎರಡು ದಿನದ ಕೂಲಿಯನ್ನು ಕೊಟ್ಟನು. ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದನು. ಅವನೂ ತನ್ನ ಕೆಲಸಕ್ಕೆ ಹೊರಟ ಪ್ರಯಾಣಿಕನೇ. ಪ್ರಯಾಣವನ್ನು ಅವನು ಕೈಬಿಡಲಿಲ್ಲ, ಒಂದು ರಾತ್ರಿ ತಡಮಾಡಿದನು ಅಷ್ಟೆ. ಕೊಠಡಿ ಕಾಯ್ದಿರಿಸುವ ಮೊದಲು ಧರ್ಮಕೇಂದ್ರದಲ್ಲಿ, ಓಣಿಯಲ್ಲಿ ಒಮ್ಮೆ ವಿಚಾರಿಸಿದರೆ, ಊರಿನ ಯಾರ ಮನೆಯವರು ಅಲ್ಲಿ ದಾಖಲಾಗಿದ್ದಾರೆಂಬುದು ತಿಳಿಯುತ್ತದೆ. ಉಣಕಲ್ ಕೆರೆಗೆ ಹೋಗುವ ಸಂಜೆ ಆಸ್ಪತ್ರೆಯ ಭೇಟಿಯ ಹೊತ್ತಿಗೆ ಒಳಗೆ ಹೋಗಿ, ಹಗಲೆಲ್ಲ ರೋಗಿಯ ಬಳಿ ಕುಳಿತ ತಾಯಿಯನ್ನು ನಮ್ಮ ಕೊಠಡಿಗೆ ಕಳುಹಿಸಿದರೆ ಆಕೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಎರಡು ತಾಸು ನಿದ್ದೆ ಮಾಡಿಯಾಳು. ಅಷ್ಟು ಹೊತ್ತು ಆಕೆಯ ಮಗನ ಮಂಚದ ಬಳಿ ನಮ್ಮಲ್ಲಿ ಒಬ್ಬರು ಕುಳಿತಿರಬೇಕಾಗುತ್ತದೆ.