ಇಸಿಜಿ ಗೆರೆ ಮತ್ತು ಆಯುಷ್ಯದ ಲೆಕ್ಕ

ಜೀವವಿಮೆಗೆ ಅರ್ಜಿ ಹಾಕಿದವರ ಇಸಿಜಿ ಓದುವ ವೈದ್ಯರ ಎದುರು ಸಾಮಾನ್ಯವಾಗಿ ರೋಗಿ ಇರುವುದಿಲ್ಲ. ಅರ್ಜಿದಾರರು ಎದೆನೋವೆಂದು ಬಂದವರಲ್ಲ; ವಯಸ್ಸೋ ವಿಮೆಯ ಮೊತ್ತವೋ ಹೆಚ್ಚಿದ್ದರಿಂದ ಪರೀಕ್ಷೆಗೆ ಒಳಗಾದವರು. ಈ ಹೃದಯಕ್ಕೆ ಈಗ ಏನಾಗಿದೆ ಎಂದು ಆಸ್ಪತ್ರೆ ಕೇಳುತ್ತದೆ. ಇಂಥ ಹೃದಯವುಳ್ಳ ಸಾವಿರ ಮಂದಿಯಲ್ಲಿ ಪಾಲಿಸಿ ಮುಗಿಯುವುದರೊಳಗೆ ಎಷ್ಟು ಮಂದಿ ಸಾಯಬಹುದು ಎಂದು ವಿಮಾ ಕಂಪನಿ ಕೇಳುತ್ತದೆ. ಸಾವಿರ ಮಂದಿಯ ಬಗ್ಗೆ ಬಂದ ಉತ್ತರ ಎದುರಿಗಿರುವ ಒಬ್ಬರ ಬಗ್ಗೆ ಏನು ಹೇಳುತ್ತದೆ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ.

ಲೈಡನ್ನಿನ ವಿಲ್ಲೆಮ್ ಐಂತೋವನ್‌ಗೆ 1924ರಲ್ಲಿ ನೊಬೆಲ್ ತಂದುಕೊಟ್ಟ ಇಸಿಜಿ ವಿಧಾನ ದಾಖಲಿಸುವುದು ಹೃದಯದ ಕೆಲವೇ ಸೆಕೆಂಡುಗಳ ವಿದ್ಯುತ್ ಚಟುವಟಿಕೆಯನ್ನು. ರಕ್ತನಾಳ ಕಿರಿದಾಗಿದ್ದರೂ ಮಲಗಿಸಿ ತೆಗೆದ ಇಸಿಜಿ ಸಹಜವಾಗಿಯೇ ಕಾಣಬಹುದು. ಕ್ರೀಡಾಪಟುವಿನ ನಿಧಾನ ಬಡಿತ, ತುಸು ಮೇಲೆದ್ದ ಎಸ್‌ಟಿ ಭಾಗ ಪಳಗದ ಕಣ್ಣಿಗೆ ರೋಗವೆನಿಸಬಹುದು. ಎಡಗೈ ಬಲಗೈ ತಂತಿಗಳು ಅದಲುಬದಲಾದರೆ ಒಂದನೆಯ ಲೀಡ್ ತಲೆಕೆಳಗಾಗುತ್ತದೆ. ಬಲ ಬಂಡಲ್ ಬ್ರಾಂಚ್ ಬ್ಲಾಕ್ ಬೇರೆ ತೊಂದರೆ ಇಲ್ಲದವರಲ್ಲಿ ಬಹುಮಟ್ಟಿಗೆ ನಿರಪಾಯ. ಎಡದ್ದು ಕಂಡರೆ ಹೆಚ್ಚಿನ ತಪಾಸಣೆ ಬೇಕು. ವಯಸ್ಸು, ರಕ್ತದೊತ್ತಡ, ಹಳೆಯ ಇಸಿಜಿ ಪಕ್ಕದಲ್ಲಿಲ್ಲದ ಓದು ಅರ್ಧ ಓದು.

ಹೀಗೆ ಹಿನ್ನೆಲೆಯೊಡನೆ ಓದಬೇಕೆನ್ನುವುದರ ಹಿಂದಿರುವ ತರ್ಕ ಥಾಮಸ್ ಬೇಯ್ಸ್‌ನದು. ಅವನು ತೀರಿಕೊಂಡ ಮೇಲೆ ಅವನ ಪ್ರಬಂಧವನ್ನು 1763ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ರಿಚರ್ಡ್ ಪ್ರೈಸ್ ಪಾದ್ರಿಯೂ ನೀತಿಚಿಂತಕನೂ ಹೌದು, ಲಂಡನ್ನಿನ ಈಕ್ವಿಟಬಲ್ ಜೀವವಿಮಾ ಸಂಸ್ಥೆಯ ಸಲಹೆಗಾರನೂ ಹೌದು. ರೋಗವಿರುವ ನೂರರಲ್ಲಿ 70 ಮಂದಿಯನ್ನು ಗುರುತಿಸಿ, ಇಲ್ಲದ ನೂರರಲ್ಲಿ 25 ಮಂದಿಯ ಮೇಲೆ ತಪ್ಪು ಅನುಮಾನ ಹುಟ್ಟಿಸುವ ಟ್ರೆಡ್‌ಮಿಲ್ ಪರೀಕ್ಷೆಯೊಂದು ಇದೆ ಎಂದುಕೊಳ್ಳೋಣ. ಸಾವಿರ ಅರ್ಜಿದಾರರಲ್ಲಿ 20 ಮಂದಿಗೆ ಮಾತ್ರ ರೋಗವಿದ್ದರೆ, ಅನುಮಾನಕ್ಕೆ ಸಿಕ್ಕುವವರು 259. ನಿಜವಾದ ರೋಗಿಗಳು ಅವರಲ್ಲಿ 14. ಎದೆನೋವಿನಿಂದ ಬಂದ ಸಾವಿರದಲ್ಲಿ ಅರ್ಧದಷ್ಟು ಮಂದಿಗೆ ರೋಗವಿದ್ದರೆ, ಅದೇ ಪರೀಕ್ಷೆ ಅನುಮಾನಿಸಿದ 475 ಮಂದಿಯಲ್ಲಿ 350 ಮಂದಿ ರೋಗಿಗಳು. ಗೆರೆ ಒಂದೇ, ಅರ್ಥ ಬೇರೆ.

1866ರಲ್ಲಿ ಜಾನ್ ವೆನ್ ಇನ್ನೂ ಆಳದ ತೊಡಕನ್ನು ಎತ್ತಿದ. ಪ್ರತಿ ವ್ಯಕ್ತಿಯೂ ಹಲವು ಗುಂಪುಗಳಿಗೆ ಏಕಕಾಲಕ್ಕೆ ಸೇರಿರುತ್ತಾನೆ, ಒಂದೊಂದು ಗುಂಪಿನ ಮರಣಪ್ರಮಾಣವೂ ಬೇರೆ. ನಲವತ್ತೈದರ ಗಂಡಸು, ಬೀಡಿ ಸಿಗರೇಟು ಮುಟ್ಟದವನು, ಟಿ ಅಲೆ ಕೆಳಮುಖವಾಗಿರುವವನು, ದೀರ್ಘಾಯುಗಳಾದ ತಂದೆತಾಯಿಯ ಮಗ: ಇವೆಲ್ಲವೂ ಒಬ್ಬನೇ. ಗುಂಪನ್ನು ಕಿರಿದುಗೊಳಿಸಿದಷ್ಟೂ ಅದು ಅವನಿಗೆ ಹತ್ತಿರವಾಗುತ್ತದೆ, ಅಂಕಿಅಂಶ ಅಷ್ಟೇ ತೆಳ್ಳಗಾಗುತ್ತದೆ. ಎಲ್ಲಿ ನಿಲ್ಲಬೇಕೆಂದು ಗಣಿತ ಹೇಳದು. ಅದು ಓದುವವರ ವಿವೇಚನೆ. ಆದ್ದರಿಂದಲೇ ಅದರ ಹೊಣೆಯೂ ಅವರದು. ಹೆಚ್ಚು ಅಪಾಯದ ಗುಂಪಿಗೆ ಹೆಚ್ಚು ಪ್ರೀಮಿಯಂ ವಿಧಿಸುವುದರಲ್ಲಿ ತಪ್ಪಿಲ್ಲ, ಇಲ್ಲದಿದ್ದರೆ ಆ ಭಾರ ಉಳಿದ ಪಾಲಿಸಿದಾರರ ಮೇಲೆ ಬೀಳುತ್ತದೆ. ಯಂತ್ರ ಅಚ್ಚೊತ್ತಿದ ಒಂದು ಪದವನ್ನೇ ನಂಬಿ ಯಾರನ್ನಾದರೂ ಆ ಗುಂಪಿಗೆ ತಳ್ಳುವುದು ಮಾತ್ರ ಅನ್ಯಾಯ.

ಆಯುಷ್ಯ ಮೊದಲೇ ನಿಶ್ಚಿತವಾಗಿದ್ದರೆ ಈ ಲೆಕ್ಕಕ್ಕೆಲ್ಲ ಬೇರೆಯೇ ಅರ್ಥ ಬರುತ್ತಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಈ ಪ್ರಶ್ನೆಯನ್ನೇ ಕೇಳುತ್ತಾನೆ. ದೈವ, ಪುರುಷಕಾರ (ಮನುಷ್ಯಪ್ರಯತ್ನ) ಎರಡೂ ಕೂಡಿ ಆಯುಷ್ಯವಾಗುತ್ತದೆ ಎಂಬುದು ಗುರು ಆತ್ರೇಯನ ಉತ್ತರ. ಒಳ್ಳೆಯ ಗಾಡಿಯ ಅಚ್ಚು ತನ್ನ ಕಾಲಕ್ಕೆ ಸವೆಯುತ್ತದೆ, ಅತಿಭಾರ ಹೇರಿದರೆ, ಹದಗೆಟ್ಟ ದಾರಿಯಲ್ಲಿ ಓಡಿಸಿದರೆ ನಡುವೆಯೇ ಮುರಿಯುತ್ತದೆ ಎಂದು ಅವನು ವಿವರಿಸುತ್ತಾನೆ. ಅಕಾಲಮೃತ್ಯುವನ್ನು ಒಪ್ಪುವ ಈ ನಿಲುವಿನಲ್ಲಿ ಅದನ್ನು ತಡೆಯುವ ಯತ್ನಕ್ಕೂ ಜಾಗವಿದೆ.

ಆ ಜಾಗದಲ್ಲೇ ವಿಮಾ ವೈದ್ಯರ ದೊಡ್ಡ ಕರ್ತವ್ಯ ಇರುವುದು. ಹಳೆಯ ಹೃದಯಾಘಾತದ ಗುರುತೋ ಹೃತ್ಕರ್ಣದ ಅನಿಯತ ಕಂಪನವೋ ಕಂಡಾಗ, ಪ್ರೀಮಿಯಂ ಏರಿಸಿ ಕಡತ ಮುಚ್ಚಿದರೆ ಅರ್ಜಿದಾರರು ತಮ್ಮ ಹೃದಯದ ಸುದ್ದಿಯನ್ನೇ ತಿಳಿಯದೆ ಹಿಂದಿರುಗುತ್ತಾರೆ. ಅನಿಯತ ಕಂಪನದಿಂದ ಬರುವ ಪಾರ್ಶ್ವವಾಯುವಿನ ಅಪಾಯವನ್ನು ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧದಿಂದ ಗಣನೀಯವಾಗಿ ತಗ್ಗಿಸಬಹುದು. ಅರ್ಜಿಯನ್ನು ಮುಂದೂಡಿದರೂ ತಿರಸ್ಕರಿಸಿದರೂ ಕಾರಣವನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು, ಇಸಿಜಿಯ ಪ್ರತಿ ಅವರ ಕೈಸೇರಬೇಕು, ಚಿಕಿತ್ಸೆಯ ನಂತರ ಅರ್ಜಿಯನ್ನು ಹೊಸದಾಗಿ ಪರಿಶೀಲಿಸಬೇಕು.