ವಾಸಿಯಾದ ವ್ಯಾಧಿ ಮತ್ತು ಸತ್ಯದ ಬೆಲೆ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಭಕ್ತರೊಬ್ಬರ ಮನೆಯಲ್ಲಿ ಬಿಡಾರ ಮಾಡಿದ್ದಾಗ, ಸಮೀಪದ ನರ್ಸಿಂಗ್ ಕಾಲೇಜಿನ ಹೆಣ್ಣುಮಗಳೊಬ್ಬಳು ದರ್ಶನಕ್ಕೆ ಬಂದಳು. ಎಲ್ಲರೂ ಎದ್ದುಹೋಗುವವರೆಗೆ ಕಾದಿದ್ದು, "ಬುದ್ಧಿ, ಪಿ.ಯು.ಸಿ. ಓದುವಾಗ ನನಗೆ ಖಿನ್ನತೆಯಾಗಿತ್ತು. ಒಂದು ವರ್ಷ ಮಾತ್ರೆ ತೆಗೆದುಕೊಂಡೆ, ಈಗ ವಾಸಿಯಾಗಿದೆ. ನೋಂದಣಿಗೆ ಅರ್ಜಿ ಹಾಕುವಾಗ ಇದನ್ನು ಹೇಳಬೇಕೇ? ಹೇಳಿದ್ದರಿಂದಲೇ ನೋಂದಣಿ ತಪ್ಪಿದರೆ?" ಎಂದು ಕೇಳಿದಳು. "ಸತ್ಯವನ್ನೇ ಹೇಳು ತಾಯಿ, ಶಿವನು ನೋಡಿಕೊಳ್ಳುತ್ತಾನೆ" ಎಂದೆವು. ನಮಸ್ಕರಿಸಿ ಹೋದಳು. ಆ ಉತ್ತರ ಎಷ್ಟು ಅಗ್ಗದ್ದೆಂಬುದು ರಾತ್ರಿ ಮಲಗಿದ ಮೇಲೆ ನಮಗೆ ಹೊಳೆಯಿತು. ಸತ್ಯದ ಬೆಲೆ ತೆರಬೇಕಾದವಳು ಅವಳು. ಉಪದೇಶಿಸಿದ ನಮಗೆ ಖರ್ಚೇನೂ ಇರಲಿಲ್ಲ.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿಂದ ಹಿಡಿದು ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರದವರೆಗೆ ಹೋದರೆ ದಾರಿಯುದ್ದಕ್ಕೂ ಆಸ್ಪತ್ರೆಗಳು. ದೂರದ ಊರುಗಳಿಂದ ಬಂದ ಮಕ್ಕಳು ಪಾಠವೆಂದೂ ವಾರ್ಡೆಂದೂ ದಣಿಯುತ್ತಿರುತ್ತಾರೆ. ಮನೋರೋಗ ಶುಶ್ರೂಷೆ ಅವರ ಪಠ್ಯದಲ್ಲಿಯೇ ಇದೆ. ಮನಸ್ಸಿನ ವ್ಯಾಧಿಯೂ ದೇಹದ ವ್ಯಾಧಿಯಂತೆ ಚಿಕಿತ್ಸೆಗೆ ಬಗ್ಗುವಂಥದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ವಿದ್ಯಾರ್ಥಿನಿಯೇ ತನ್ನ ಔಷಧದ ಚೀಟಿಯನ್ನು ಟ್ರಂಕಿನ ತಳದಲ್ಲಿ ಬಚ್ಚಿಡುತ್ತಾಳೆ. ಇದು ಅವಳೊಬ್ಬಳ ಕಪಟವೆನ್ನಲು ನಮಗೆ ಮನಸ್ಸು ಬಾರದು.

ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಂತೆ ದಾದಿಯರ ನೋಂದಣಿ ನಡೆದುಬಂದಿದೆ. ಕಾಲೇಜು ಸೇರುವಾಗಲೇ ವೈದ್ಯಕೀಯ ಯೋಗ್ಯತೆಯ ಪ್ರಮಾಣಪತ್ರ ಬೇಕು. ಯೋಗ್ಯತೆಯೆಂದರೆ ಇಂದಿನ ಸಾಮರ್ಥ್ಯವೋ, ಹುಟ್ಟಿದಂದಿನಿಂದ ಬಂದ ವ್ಯಾಧಿಗಳ ಪಟ್ಟಿಯೋ? 1912ರ ಲೂನಸಿ ಕಾಯಿದೆಯ ಹೆಸರೇ ರೋಗಿಗೆ ಕಳಂಕವಾಗಿತ್ತು. 1987ರ ಕಾಯಿದೆ ಅದನ್ನು ತೆಗೆದುಹಾಕಿತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯಂತೂ ಸ್ಪಷ್ಟವಾಗಿ ನುಡಿಯುತ್ತದೆ: ಹಿಂದೆ ಚಿಕಿತ್ಸೆ ಪಡೆದುದು ಗಮನಕ್ಕೆ ಬರಬಹುದಾದರೂ, ಅಷ್ಟರಿಂದಲೇ ಒಬ್ಬರನ್ನು ಇಂದು ಅಥವಾ ಮುಂದೆ ಮಾನಸಿಕ ರೋಗಿಯೆಂದು ನಿರ್ಣಯಿಸುವಂತಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನೂ ಅದು ಕೊಟ್ಟಿದೆ.

ಹಾಗೆಂದು ಹುಸಿಗೆ ಅನುಮತಿ ದೊರೆಯಿತೆಂದು ತಿಳಿಯಬಾರದು. ಕೇಳದ ಪ್ರಶ್ನೆಗೆ ಉತ್ತರಿಸದಿರುವುದು ಮೌನ; ಕೇಳಿದ ಪ್ರಶ್ನೆಗೆ ಇದ್ದುದನ್ನು ಇಲ್ಲವೆಂದು ಬರೆಯುವುದು ಹುಸಿ. ಈ ಅಂತರವನ್ನು ನಾವು ಆ ದಿನ ಅವಳಿಗೆ ಬಿಡಿಸಿ ಹೇಳಲಿಲ್ಲ. ಆದರೆ ಕೇಳುವವನಿಗೂ ಧರ್ಮವುಂಟಷ್ಟೆ. ಬ್ರಿಟನ್ನಿನ ಶುಶ್ರೂಷಾ ಮಂಡಲಿಯೂ ಆರೋಗ್ಯದ ಘೋಷಣೆಯನ್ನು ಕೇಳುತ್ತದೆ. ಆದರೆ ರೋಗಿಗೆ ಅಪಾಯವಾಗದಂತೆ ಕೆಲಸ ಮಾಡಬಲ್ಲಿರಾ ಎಂಬುದೇ ಅಲ್ಲಿ ಮುಖ್ಯ. ವ್ಯಾಧಿಯುಂಟೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಹೀಗೆ ಕೇಳಿದರೆ ಸತ್ಯ ನುಡಿಯುವುದು ಎಷ್ಟೋ ಸುಲಭ.

ಇನ್ನೊಂದು ಪಕ್ಷವನ್ನು ಮರೆಯಲಾಗದು. ಹಾಸಿಗೆಯಲ್ಲಿ ಮಲಗಿದ ರೋಗಿಗೆ ದಾದಿಯ ಚರಿತ್ರೆ ಬೇಡ. ಅವಳ ಎಚ್ಚರ ಬೇಕು. ಇನ್ಸುಲಿನ್ನಿನ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚಿದರೆ ಪ್ರಾಣವೇ ಹೋದೀತು. ನಿದ್ರೆಯಿಲ್ಲದೆ ಚಿತ್ತ ಕದಡಿದವಳು ಆ ದಿನ ವಾರ್ಡಿನಿಂದ ಹಿಂದೆ ಸರಿಯಲೇಬೇಕು. ಆದರೆ ಸರಿಯುವವರು ಯಾರು? ಮರಳಿ ಬರಲು ಬಿಡುತ್ತಾರೆಂಬ ಭರವಸೆಯಿದ್ದವರು ಮಾತ್ರ. ಪರವಾನಗಿ ಹೋದೀತೆಂಬ ಭಯದಲ್ಲಿ ವೈದ್ಯರ ಬಳಿಗೂ ಹೋಗದೆ, ಮಾತ್ರೆಯನ್ನೂ ಬಿಟ್ಟು, ನಗುಮುಖ ಹೊತ್ತು ಪಾಳಿಗೆ ಹೋಗುವವಳಿಂದಲೇ ರೋಗಿಗೆ ಹೆಚ್ಚು ಅಪಾಯ. ರೋಗಿಯ ರಕ್ಷಣೆಗೆಂದು ಹುಟ್ಟಿಸಿದ ಭಯ ರೋಗಿಯನ್ನೇ ಕಾಯದೆ ಹೋಗುತ್ತದೆ. ವಿಧಿ ಮಾಡುವವರು ಇದನ್ನು ಯೋಚಿಸಿದಂತೆ ಕಾಣುವುದಿಲ್ಲ. ನಾವೂ ಆ ಸಂಜೆ ಯೋಚಿಸಿರಲಿಲ್ಲ.

ಮರುವಾರ ಅವಳನ್ನು ಕರೆಸಿ, "ನಾವು ಅವಸರದಲ್ಲಿ ಹೇಳಿದೆವು ತಾಯಿ" ಎಂದು ಒಪ್ಪಿಕೊಂಡೆವು. ಅರ್ಜಿಯಲ್ಲಿ ನಿಜವಾಗಿ ಏನು ಕೇಳಿದೆಯೆಂದು ಓದಿ, ಕೇಳಿದಷ್ಟಕ್ಕೆ ದಿಟವನ್ನೇ ಬರೆಯಲು, ಚಿಕಿತ್ಸೆ ಕೊಟ್ಟ ವೈದ್ಯರಿಂದ ಇಂದಿನ ಸ್ಥಿತಿಯ ಪತ್ರ ಪಡೆಯಲು ತಿಳಿಸಿದೆವು. ಮನಸ್ಸು ಮತ್ತೆ ಕುಸಿದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಲು ಹೇಳಿದೆವು. "ಆದರೂ ತಡೆದರೆ ಬುದ್ಧಿ?" ಎಂದಳು. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರೊಬ್ಬರಿಗೂ ವೈದ್ಯರೊಬ್ಬರಿಗೂ ಆಗಲೇ ಹೇಳಿಕಳುಹಿಸಿದ್ದೆವು. ಅರ್ಜಿ ತುಂಬುವ ದಿನ ಅವರಿಬ್ಬರೂ ಅವಳ ಜೊತೆಯಲ್ಲಿ ಕೂರುತ್ತಾರೆ.